ನಿಪ್ಪಾಣಿಯಿಂದ ಅಥಣಿಗೆ ಒಂದು ಹಗಲಿನ ದಾರಿ

ನಿಮ್ಮ ಮನೆಯಲ್ಲಿ ಬೀಡಿ ಕಟ್ಟಿದವರು ಯಾರಾದರೂ ಇದ್ದಾರೆಯೇ? ಕರಾವಳಿಯ ಎಷ್ಟೋ ಮನೆಗಳಲ್ಲಿ ಅಜ್ಜಿಯೋ ತಾಯಿಯೋ ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ನೂಲು ಸುತ್ತಿದ್ದಾರೆ. ಮಕ್ಕಳ ಶಾಲೆಯ ಫೀಸು, ಮಗಳ ಕಿವಿಯ ಓಲೆ ಎಲ್ಲವೂ ಆ ಮೊರದಿಂದಲೇ ಹುಟ್ಟಿದವು. ಆದರೆ ಆ ಹುಡಿ ಎಲ್ಲಿಂದ ಬರುತ್ತದೆ ಎಂದು ನಾವು ಕೇಳಿದ್ದು ಕಡಿಮೆ. ಬೀಡಿ ಹೊಗೆಸೊಪ್ಪಿನ ವ್ಯಾಪಾರಸ್ಥರ ಬಾಯಲ್ಲಿ ಮುಖ್ಯವಾಗಿ ಎರಡು ಹೆಸರುಗಳು ಬರುತ್ತವೆ. ಒಂದು ಗುಜರಾತಿನ ಚರೋತರ್, ಇನ್ನೊಂದು ನಮ್ಮದೇ ರಾಜ್ಯದ ನಿಪ್ಪಾಣಿ.

ರಜೆಯಲ್ಲಿ ಮೈಸೂರು, ಊಟಿ ನೋಡಿ ಮುಗಿದಿದ್ದರೆ ಈ ಸಲ ಬೆಳಗಾವಿ ಜಿಲ್ಲೆಯ ಉತ್ತರದ ಮೂಲೆಗೆ ಬನ್ನಿ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ. ಬೆಳಿಗ್ಗೆ ಬೇಗ ಹೊರಟರೆ ಒಂದೇ ಹಗಲಿನಲ್ಲಿ ಮುಗಿಯುವ ದಾರಿ. ದೊಡ್ಡ ಬೆಟ್ಟಗಳಿಲ್ಲ, ಜಲಪಾತಗಳಿಲ್ಲ. ಪ್ರವಾಸಿ ಕೈಪಿಡಿಗಳಲ್ಲಿ ಈ ಊರುಗಳಿಗೆ ಸಿಗುವ ಜಾಗವೂ ಅಷ್ಟಕ್ಕಷ್ಟೆ. ಆದರೂ ಬನ್ನಿ.

ಬೆಳಗಾವಿಯಿಂದ ಉತ್ತರಕ್ಕೆ ಪುಣೆಯ ಹೆದ್ದಾರಿಯಲ್ಲಿ ಸುಮಾರು 75 ಕಿ.ಮೀ. ಸಾಗಿದರೆ ನಿಪ್ಪಾಣಿ. ಅದಕ್ಕೂ ಮೊದಲು ತವಂದಿ ಘಾಟ್ ಸಿಗುತ್ತದೆ. ರಸ್ತೆ ಗುಡ್ಡವನ್ನು ಬಳಸಿಕೊಂಡು ಇಳಿಯುವಲ್ಲಿ ಸ್ತವನಿಧಿಯ ಜೈನ ಕ್ಷೇತ್ರವಿದೆ. ಈ ದಿನದಲ್ಲಿ ಬೆಟ್ಟ ಎಂದು ಕರೆಯಬಹುದಾದದ್ದು ಇದೊಂದೇ. ಆದ್ದರಿಂದ ಗಾಡಿ ನಿಲ್ಲಿಸಿ ಮಕ್ಕಳಿಗೆ ತೋರಿಸಿಬಿಡಿ.

ನಿಪ್ಪಾಣಿ ಕನ್ನಡದಷ್ಟೇ ಮರಾಠಿಯನ್ನೂ ಮಾತಾಡುವ ಊರು. ಅಂಗಡಿಯಲ್ಲಿ ನೀವು ಕನ್ನಡದಲ್ಲಿ ಕೇಳಿದರೆ ಉತ್ತರ ಮರಾಠಿಯಲ್ಲಿ ಬಂದೀತು, ಉರ್ದುವಿನಲ್ಲಿಯೂ ಬಂದೀತು. ಇಲ್ಲಿ ಸಿದ್ದೋಜಿರಾವ್ ನಿಪ್ಪಾಣಕರ ಎಂಬ ದೇಸಾಯಿಯ ವಾಡೆ ಇದೆ. ಆತ 1839ರಲ್ಲಿ ತೀರಿಕೊಂಡ ಮೇಲೆ ಕಂಪೆನಿ ಸರಕಾರ ಇದನ್ನೆಲ್ಲ ವಶಪಡಿಸಿಕೊಂಡಿತು. 1925ರಲ್ಲಿ ಡಾ. ಅಂಬೇಡ್ಕರ್ ಇದೇ ಊರಿಗೆ ಬಂದು ದಲಿತರ ಪ್ರಾಂತೀಯ ಸಮಾವೇಶದಲ್ಲಿ ಮಾತಾಡಿದ್ದರು.

ಆದರೆ ನಾನು ನಿಮ್ಮನ್ನು ಇಲ್ಲಿಗೆ ಕರೆತಂದದ್ದು ವಾಡೆ ತೋರಿಸಲು ಅಲ್ಲ. ಹೊಗೆಸೊಪ್ಪಿನ ವಖಾರಿಗಳಿರುವ ಬೀದಿಯಲ್ಲಿ ಒಮ್ಮೆ ಕಾರಿನ ಗಾಜು ಇಳಿಸಿ. ಮೂಗಿಗೆ ಖಾರ ಬಡಿಯುತ್ತದೆ, ಸೀನು ಬರುತ್ತದೆ. ಅರ್ಧ ನಿಮಿಷದಲ್ಲಿ ನಾವು ಗಾಜು ಏರಿಸುತ್ತೇವೆ. ಆ ಧೂಳಿನೊಳಗೆ ಕೂತು ಒಣಗಿದ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ಹುಡಿಯನ್ನು ಬೇರ್ಪಡಿಸುವ ಕೆಲಸ ತಲೆಮಾರುಗಳಿಂದ ಹೆಂಗಸರದು. 1980ರ ಸುಮಾರಿಗೆ ಆ ಸಾವಿರಾರು ಹೆಂಗಸರು ಕೂಲಿಗಾಗಿ, ಮರ್ಯಾದೆಗಾಗಿ ಸಂಘ ಕಟ್ಟಿ ಹೋರಾಡಿದರು. ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ್ ತಂಡ 1982ರಲ್ಲಿ ಅವರ ಬಗ್ಗೆ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಕಾರ್ಮಿಕ ಮಹಿಳೆಯರೇ ಅದರಲ್ಲಿ ಕಾಣಿಸಿಕೊಂಡು ತಮ್ಮ ಕತೆ ಹೇಳಿದ್ದಾರೆ. 1981ರಲ್ಲಿ ಹೊಗೆಸೊಪ್ಪಿನ ಬೆಲೆಗಾಗಿ ರೈತರು ಇದೇ ಹೆದ್ದಾರಿಯಲ್ಲಿ ಕುಳಿತರು. ಗೋಲಿಬಾರಿನಲ್ಲಿ ಹಲವರು ಪ್ರಾಣ ಕಳೆದುಕೊಂಡರು. ನಮ್ಮೂರಿನ ಮೊರದಲ್ಲಿ ಹುಡಿ ತುಂಬುತ್ತಿದ್ದವಳಿಗೂ ಇಲ್ಲಿ ಜರಡಿ ಹಿಡಿಯುತ್ತಿದ್ದವಳಿಗೂ ಪರಸ್ಪರ ಪರಿಚಯವೇ ಇರಲಿಲ್ಲ. ಕೆಮ್ಮು ಮಾತ್ರ ಇಬ್ಬರಿಗೂ ಒಂದೇ.

ನಿಪ್ಪಾಣಿಯಿಂದ ಪೂರ್ವಕ್ಕೆ ತಿರುಗಿ. ಚಿಕ್ಕೋಡಿ ಹೆಚ್ಚು ದೂರವಿಲ್ಲ. ಕಚೇರಿ, ಕಾಲೇಜು, ಸಂತೆಗಳ ಊರಿದು. ಪ್ರತ್ಯೇಕ ಜಿಲ್ಲೆಯಾಗಬೇಕೆಂಬ ಇದರ ಬೇಡಿಕೆಗೆ ದಶಕಗಳ ವಯಸ್ಸಾಗಿದೆ. ಇಲ್ಲಿ ಚಹಾ ಕುಡಿದು, ಬುತ್ತಿಗೆ ಬೇಕಾದ್ದನ್ನು ಕೊಂಡು ಮುಂದುವರಿಯಿರಿ. ಹೆಂಗಸರಿಗೆ ಒಂದು ಮಾತು, ಶೌಚಾಲಯದ ಅಗತ್ಯವನ್ನೂ ಇಲ್ಲಿಯೇ ಮುಗಿಸಿಕೊಳ್ಳಿ. ಮುಂದಿನ ಹಳ್ಳಿಗಳ ದಾರಿಯಲ್ಲಿ ಕಬ್ಬಿನ ಗದ್ದೆ ಸಿಗುತ್ತದೆಯೇ ಹೊರತು ಒಳ್ಳೆಯ ಶೌಚಾಲಯ ಸಿಗುವುದು ಕಷ್ಟ. ಪ್ರವಾಸ ಲೇಖನ ಬರೆಯುವ ಗಂಡಸರು ಇದನ್ನು ಬರೆಯುವುದಿಲ್ಲ.

ರಾಯಬಾಗಕ್ಕೆ ಶಾಸನಗಳಲ್ಲಿ ಎಷ್ಟು ಚಂದದ ಹೆಸರಿದೆ ನೋಡಿ, ‘ಹೂವಿನ ಬಾಗೆ’. ಸವದತ್ತಿಯ ರಟ್ಟರ ಕಾಲದಲ್ಲಿಯೇ ಹೆಸರು ಮಾಡಿದ್ದ ಊರಿದು. ಹಳೆಯ ಬಸದಿಯೂ ನರಸಿಂಹ ದೇವಾಲಯವೂ ಇಲ್ಲಿವೆ. ಆದಿಲ್‌ಶಾಹಿಗಳ ಕಾಲಕ್ಕೆ ಬಂದರೆ, 17ನೇ ಶತಮಾನದ ಮಧ್ಯಭಾಗದಲ್ಲಿ ಸರದಾರ ರುಸ್ತುಂ ಝಮಾನ್ ಈ ಸೀಮೆಯನ್ನು ಆಳುತ್ತಿದ್ದ. ಕೊಂಕಣದ ರಾಜಾಪುರ ಬಂದರಿನಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ವ್ಯಾಪಾರಿಗಳು ಘಟ್ಟ ಹತ್ತಿ ರಾಯಬಾಗದ ಪೇಟೆಯವರೆಗೂ ವ್ಯವಹಾರಕ್ಕೆ ಬರುತ್ತಿದ್ದರು. ಮುಂದೆ ಇದು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತು. 1949ರಲ್ಲಿ ಆ ಸಂಸ್ಥಾನ ವಿಲೀನವಾದ ಬಳಿಕವೇ ರಾಯಬಾಗ ಬೆಳಗಾವಿ ಜಿಲ್ಲೆಯದಾದದ್ದು.

ಹಳೆಯ ಓಣಿಗಳಲ್ಲಿ ಕೆತ್ತನೆಯ ಬಾಗಿಲಿನ ಮನೆಯೊಂದು ಕಂಡರೆ, ಅದರ ಮಗ್ಗುಲಿಗೇ ಕಾಂಕ್ರೀಟಿನ ಮನೆ ಏಳುತ್ತಿರುತ್ತದೆ. ಜಪಾನಿನ ಬೆಟ್ಟಸೀಮೆಯಲ್ಲಿ ತ್ಸುಮಾಗೊ ಎಂಬ ಊರಿದೆ. ಹಿಂದೆ ನಡೆದು ಹೋಗುವ ದಾರಿಹೋಕರು ತಂಗುತ್ತಿದ್ದ ಊರು. ರೈಲು ಬಂದ ಮೇಲೆ ಪಾಳುಬೀಳತೊಡಗಿತ್ತು. 1971ರಲ್ಲಿ ಅಲ್ಲಿನ ನಿವಾಸಿಗಳು ಕೂಡಿ, ಹಳೆಯ ಮನೆಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡಹುವುದಿಲ್ಲ ಎಂದು ತಮಗೆ ತಾವೇ ಕಟ್ಟಳೆ ಹಾಕಿಕೊಂಡರು. ಈಗ ಆ ಮರದ ಮನೆಗಳನ್ನು ನೋಡಲು ಜಗತ್ತಿನ ಮೂಲೆಮೂಲೆಗಳಿಂದ ಜನ ಬರುತ್ತಾರೆ. ರಾಯಬಾಗದವರು ಹಾಗೆ ಮಾಡಲಿಲ್ಲವಲ್ಲ ಎಂದು ಆಕ್ಷೇಪಿಸುವುದು ಸುಲಭ. ಆದರೆ ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಪಾತ್ರೆ ಇಡುತ್ತಾ ಕೂರುವವರು ನಾವಲ್ಲ.

ಮಧ್ಯಾಹ್ನಕ್ಕೆ ರಾಯಬಾಗ ತಾಲೂಕಿನದೇ ಆದ ಕುಡಚಿ ತಲುಪುವಂತೆ ನೋಡಿಕೊಳ್ಳಿ. ಮೀರಜ್ ರೈಲುಮಾರ್ಗದ ಈ ಊರಿನಲ್ಲಿ ನಮ್ಮವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಝುಹ್ರ್ ನಮಾಝ್‌ಗೂ ಊಟಕ್ಕೂ ಅನುಕೂಲ. ಇಲ್ಲಿನ ಹೆಸರಾಂತ ದರ್ಗಾವನ್ನು ಜನ ಮಾಸಾಹೇಬಾ ದರ್ಗಾ ಎನ್ನುತ್ತಾರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಿಕ್ಕಿದರೆ ಬಿಡಬೇಡಿ. ಕುಸುಬಲಕ್ಕಿ ಗಂಜಿಯ ಹೊಟ್ಟೆಗೆ ಮೊದಲ ರೊಟ್ಟಿ ಸ್ವಲ್ಪ ಗಟ್ಟಿ ಎನಿಸೀತು. ಎರಡನೆಯದಕ್ಕೆ ಅಭ್ಯಾಸವಾಗುತ್ತದೆ.

ಕುಡಚಿ ದಾಟಿದರೆ ಕೃಷ್ಣಾ ನದಿ. ಆಚೆ ದಡದಲ್ಲಿ ಉಗಾರ. ಬೇಸಿಗೆಯಲ್ಲಿ ಸೇತುವೆಯ ಮೇಲೆ ನಿಂತು ನೋಡಿದರೆ ನದಿ ಎಲ್ಲೋ ಆಳದಲ್ಲಿ ಸದ್ದಿಲ್ಲದೆ ಹರಿಯುತ್ತಿರುತ್ತದೆ. ಇದೇ ನೀರು ಮಳೆಗಾಲದಲ್ಲಿ ಸೇತುವೆಯ ಮೇಲೇರುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಜೋರು ಮಳೆ ಬಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಒಟ್ಟಿಗೆ ಉಬ್ಬುತ್ತವೆ. ತಗ್ಗಿನ ಸೇತುವೆಗಳು ಒಂದೊಂದಾಗಿ ಮುಳುಗುತ್ತವೆ. 2005, 2019, 2021ರ ನೆರೆಗಳಲ್ಲಿ ಈ ದಡದ ಕುಟುಂಬಗಳು ದನಕರುಗಳೊಂದಿಗೆ ಮನೆ ಬಿಟ್ಟು ಹೋಗಬೇಕಾಯಿತು. ಆದ್ದರಿಂದ ಜುಲೈ, ಆಗಸ್ಟಿನಲ್ಲಿ ಈ ದಾರಿ ಹಿಡಿಯಬೇಡಿ. ಹಿಡಿಯಲೇಬೇಕಾದರೆ ಸ್ಥಳೀಯರನ್ನು ಕೇಳಿಯೇ ಹೊರಡಿ.

ಉಗಾರದ ಸಕ್ಕರೆ ಕಾರ್ಖಾನೆ 1939ರದು. ಚಳಿಗಾಲದಲ್ಲಿ ಬಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ನಿಮ್ಮ ಗಾಡಿಯನ್ನು ಆಮೆಯಂತೆ ನಡೆಸುತ್ತದೆ. ಬೇಸರ ಮಾಡಿಕೊಳ್ಳದೆ ಹೊಲಗಳ ಕಡೆ ನೋಡಿ. ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ‘ಒಂದು ಕೊಯ್ತಾ’. ಕೊಯ್ತಾ ಎಂದರೆ ಕುಡುಗೋಲು. ಮುಂಗಡ ಹಣ ಪಡೆಯುವುದು ಗಂಡನ ಕೈ. ಕಡಿದ ಕಬ್ಬಿನ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುವುದು, ಸಂಜೆ ಗುಡಿಸಲಲ್ಲಿ ಒಲೆ ಹಚ್ಚುವುದು ಹೆಂಡತಿಯ ಪಾಲು. ನಾಳೆ ಚಹಾಕ್ಕೆ ಸಕ್ಕರೆ ಹಾಕುವಾಗ ಆ ಹೊರೆ ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ.

ಕಾಗವಾಡ ಮೊದಲು ಅಥಣಿ ತಾಲೂಕಿನ ಭಾಗವಾಗಿತ್ತು, ಈಗ ತಾನೇ ತಾಲೂಕು. ಇಲ್ಲಿಂದ ಮಹಾರಾಷ್ಟ್ರದ ಮೀರಜ್ ಕೂಗಳತೆಯಲ್ಲಿದೆ. ಆಸ್ಪತ್ರೆಗೆ, ಮದುವೆಯ ಬಟ್ಟೆಗೆ ಜನ ಆ ಕಡೆಗೇ ಹೋಗುತ್ತಾರೆ. ಸಮೀಪದ ಶೇಡಬಾಳ ಜೈನ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಊರು.

ಅಥಣಿಗೆ ಅಸ್ರ್ ಹೊತ್ತಿಗಾದರೂ ಮುಟ್ಟಿರಿ. ಯಾಕೆಂದರೆ ಈ ಊರಿಗೆ ಸಮಯ ಬೇಕು. 17ನೇ ಶತಮಾನದಲ್ಲಿ ಬಿಜಾಪುರದಿಂದ ಗೋವಾ ಕಡೆಗೆ ಹೋಗುವ ದಾರಿಯ ದೊಡ್ಡ ಪೇಟೆ ಇದು. ಮಾಂಡೆಲ್ಸ್ಲೋ ಎಂಬ ಜರ್ಮನ್ ಪ್ರವಾಸಿ 1639ರಲ್ಲಿ ಇದನ್ನು ಹೆಸರಿಸಿದ್ದಾನೆ. 1679ರಲ್ಲಿ ಮೊಗಲ್ ಸೇನಾಪತಿ ದಿಲೇರ್ ಖಾನ್ ಊರನ್ನು ಲೂಟಿ ಮಾಡಿ, ನಿವಾಸಿಗಳನ್ನು ಗುಲಾಮರನ್ನಾಗಿ ಮಾರಲು ಹೊರಟಾಗ, ಅವನ ಜತೆಗಿದ್ದ ಶಿವಾಜಿಯ ಮಗ ಸಂಭಾಜಿ ವಿರೋಧಿಸಿದನೆಂದು ಗ್ಯಾಝೆಟಿಯರ್ ಹೇಳುತ್ತದೆ. ಗಚ್ಚಿನ ಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಬಾಳಿದ ಊರೂ ಇದೇ.

ಇಂದು ಅಥಣಿಯ ಹೆಸರು ಹೊರಗೆ ಹೋಗುವುದು ಚಪ್ಪಲಿಯ ಮೂಲಕ, ಅದೂ ಕೊಲ್ಹಾಪುರಿ ಎಂಬ ಇನ್ನೊಂದು ಊರಿನ ಹೆಸರಿನಲ್ಲಿ! ಮರದ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲನ್ನು ಗಂಡಸರು ಕತ್ತರಿಸಿ ಬಡಿದು ಅಟ್ಟೆ ಮಾಡುತ್ತಾರೆ. ಮೇಲಿನ ಪಟ್ಟಿಗಳನ್ನು ಜಡೆಯಂತೆ ಹೆಣೆಯುವ ಸೂಕ್ಷ್ಮ ಕೆಲಸದಲ್ಲಿ ಹೆಚ್ಚಾಗಿ ಹೆಂಗಸರ ಕೈ. ಹೊಲಿಗೆಯ ದಾರವೂ ತೊಗಲಿನದೇ, ಮೊಳೆ ಇಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಇಲ್ಲಿನ ಕುಶಲಕರ್ಮಿ ಮಹಿಳೆಯರು ಸ್ವಸಹಾಯ ಗುಂಪುಗಳಾಗಿ ಸೇರಿ, ‘ಟೋ ಹೋಲ್ಡ್’ ಹೆಸರಿನಲ್ಲಿ ವಿದೇಶಕ್ಕೂ ಚಪ್ಪಲಿ ಕಳುಹಿಸತೊಡಗಿದರು. 2019ರಲ್ಲಿ ಕೊಲ್ಹಾಪುರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಬೆಳಗಾವಿಯೂ ಒಂದು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿತು. ಇಲ್ಲಿ ಕೂಗೆದ್ದಿತು, ಕಂಪೆನಿ ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್‌ಕರ್, ಮಹಾರಾಷ್ಟ್ರದ ಲಿಡ್‌ಕಾಮ್ ನಿಗಮಗಳೊಂದಿಗೆ 2000 ಜೋಡಿಗಳ ತಯಾರಿಗೆ ಒಪ್ಪಂದವಾಯಿತು. ಒಂದು ಜೋಡಿಯ ಬೆಲೆ ಸುಮಾರು 800 ಯೂರೋ. ಅದರಲ್ಲಿ ಜಡೆ ಹೆಣೆದವಳಿಗೆ ಎಷ್ಟು ಎನ್ನುವುದೇ ನನಗೆ ಮುಖ್ಯವಾದ ಪ್ರಶ್ನೆ.

ನೀವು ಕೊಳ್ಳುವಾಗ ಹೆಚ್ಚು ಚೌಕಾಸಿ ಮಾಡಬೇಡಿ. ಪಟ್ಟಿ ಹೆಣೆದವರು ಯಾರು ಎಂದು ಮಾತ್ರ ಕೇಳಿ, ಅವರು ಒಳಗೇ ಇದ್ದರೆ ಸಲಾಮು ಹೇಳಿ ಬನ್ನಿ. ಹೊಸ ಚಪ್ಪಲಿ ಮೊದಲು ಕಾಲು ಕಚ್ಚುತ್ತದೆ. ಪಟ್ಟಿಗೆ ರಾತ್ರಿ ಸ್ವಲ್ಪ ಎಣ್ಣೆ ಸವರಿಟ್ಟು, ಮನೆಯೊಳಗೇ ನಾಲ್ಕು ದಿನ ಹಾಕಿ ನಡೆದರೆ ಕಾಲಿಗೆ ಒಗ್ಗುತ್ತದೆ. ಮಳೆಯಲ್ಲಿ ಮಾತ್ರ ನೆನೆಸಬೇಡಿ.