ಕೇಸರಿನಾ, ಬಸಂತಿನಾ? ಸಿಖ್ಖರ ಬಾವುಟ ಮತ್ತು ಪೇಟದ ಬಣ್ಣಗಳ ಕಥೆ

2021ರ ಜನವರಿ 26 ನೆನಪಿದ್ಯಾ? ರೈತರ ಟ್ರ್ಯಾಕ್ಟರ್ ರ‍್ಯಾಲಿಯ ದಿನ ಕೆಲವರು ದೆಹಲಿಯ ಕೆಂಪುಕೋಟೆಗೆ ನುಗ್ಗಿ, ಅಲ್ಲಿದ್ದ ಕಂಬವೊಂದಕ್ಕೆ ತ್ರಿಕೋನಾಕಾರದ ಬಾವುಟ ಕಟ್ಟಿದ್ರು. "ತ್ರಿವರ್ಣ ಧ್ವಜ ಇಳಿಸಿ ಖಾಲಿಸ್ತಾನ ಧ್ವಜ ಹಾರಿಸಿದ್ರು" ಅಂತ ವಾಟ್ಸಾಪ್ ತುಂಬಾ ಫಾರ್ವರ್ಡ್‌ಗಳು ಓಡಾಡಿದವು. ಎರಡೂ ಸುಳ್ಳು. ತ್ರಿವರ್ಣ ಧ್ವಜ ಅದರ ಜಾಗದಲ್ಲೇ ಹಾರ್ತಾ ಇತ್ತು. ಕಟ್ಟಿದ್ದು ನಿಶಾನ್ ಸಾಹಿಬ್, ಅಂದ್ರೆ ಪ್ರತಿ ಗುರುದ್ವಾರದ ಮುಂದೆ ಇರೋ ಧಾರ್ಮಿಕ ಬಾವುಟ. ಅಲ್ಲಿ ಕಟ್ಟಿದ್ದು ಸರಿಯಾ ಅನ್ನೋದು ಬೇರೆ ಚರ್ಚೆ. ಆದರೆ ಬಾವುಟ ಯಾವುದು ಅಂತ ಗೊತ್ತಿಲ್ಲದೆ ಒಂದಿಡೀ ಸಮುದಾಯವನ್ನೇ ಅನುಮಾನದಿಂದ ನೋಡಿದ್ದು ಸಣ್ಣ ವಿಷಯವಲ್ಲ.

'ನಿಶಾನ್' ಅಂದ್ರೆ ಗುರುತು. ರೈಲಿಗೆ ಹಸಿರು ನಿಶಾನೆ ಅಂತೀವಲ್ಲ, ಅದೇ ಪದ. ದೂರದಿಂದ ಬರೋ ಪ್ರಯಾಣಿಕನಿಗೆ ಇಲ್ಲಿ ಗುರುದ್ವಾರ ಇದೆ, ಊಟ ಸಿಗುತ್ತೆ, ತಂಗೋಕೆ ಜಾಗ ಇದೆ ಅಂತ ಹೇಳೋ ಗುರುತು. ಅದಕ್ಕೇ ಕಂಬ ಅಷ್ಟು ಎತ್ತರ. ಕಂಬಕ್ಕೂ ಬಟ್ಟೆ ಸುತ್ತಿರ್ತಾರೆ, ಅದನ್ನ 'ಚೋಲಾ' ಅಂತಾರೆ. ಬೈಸಾಖಿಯಂಥ ಹಬ್ಬಗಳಲ್ಲಿ ಕಂಬ ಇಳಿಸಿ ತೊಳೆದು ಹೊಸ ಚೋಲಾ ಹೊದಿಸ್ತಾರೆ.

ಬಣ್ಣ ಯಾವುದು? ಬಹಳ ಜನ 'ಕೇಸರಿ' ಅಂತಾರೆ, ಎಷ್ಟೋ ಗುರುದ್ವಾರಗಳಲ್ಲಿ ಹಾರ್ತಿದ್ದದ್ದೂ ಅದೇ. ಆದರೆ ಸಿಖ್ಖರ ನಡಾವಳಿಯ ಪುಸ್ತಕ 'ಸಿಖ್ ರೆಹತ್ ಮರ್ಯಾದಾ' ಹೇಳೋದು ಬೇರೆ. ಅದರ ಪ್ರಕಾರ ಬಟ್ಟೆ ಬಸಂತಿ ಬಣ್ಣದ್ದಾಗಿರಬೇಕು, ಇಲ್ಲವೇ ಸುರ್ಮಯಿ. ಬಸಂತಿ ಅಂದ್ರೆ ಪಂಜಾಬಿನ ಹೊಲದಲ್ಲಿ ವಸಂತ ಬಂದಾಗ ಅರಳೋ ಸಾಸಿವೆ ಹೂವಿನ ಹಳದಿ. ಸುರ್ಮಯಿ ಅಂದ್ರೆ ಕಣ್ಣಿಗೆ ಹಚ್ಚೋ ಸುರ್ಮಾದ ಬೂದುನೀಲಿ. ಕೇಸರಿ ಇದರಲ್ಲಿ ಇಲ್ಲವೇ ಇಲ್ಲ!

2024ರ ಜುಲೈನಲ್ಲಿ ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ, ಅಂದ್ರೆ ಎಸ್‌ಜಿಪಿಸಿ, ಇದನ್ನೇ ನೆನಪಿಸಿ ಸುತ್ತೋಲೆ ಹೊರಡಿಸಿತು. ಕೇಸರಿ ಬಟ್ಟೆಯಿಂದ ಗೊಂದಲ ಆಗ್ತಿದೆ, ಬಸಂತಿ ಅಥವಾ ಸುರ್ಮಯಿಗೆ ಬದಲಾಯಿಸಿ ಅಂತ. ಮುಂದಿನ ತಿಂಗಳೇ ಅಮೃತಸರದ ಸ್ವರ್ಣಮಂದಿರದಲ್ಲೂ ಬಣ್ಣ ಬದಲಾಯ್ತು. ಕಿತ್ತಳೆಯಿಂದ ಹಳದಿಗೆ ಅಷ್ಟೇ ತಾನೇ ಅನ್ನಿಸಬಹುದು. ಆದರೆ ನಮ್ಮ ದೇಶದಲ್ಲಿ ಕೇಸರಿ ಅಂದ ಕೂಡಲೇ ಜನರ ತಲೆಗೆ ಬರೋದು ಹಿಂದೂ ಸಂಪ್ರದಾಯ, ಈಚೆಗಂತೂ ರಾಜಕೀಯ ಕೂಡ. ತಮ್ಮ ಗುರುತು ಬೇರೆಯದರಲ್ಲಿ ಕರಗಬಾರದು ಅನ್ನೋ ಕಾಳಜಿ ಇದರಲ್ಲಿ ಇದೆ ಅಂತ ನನಗನ್ನಿಸುತ್ತೆ.

ಕಡುನೀಲಿ ಬಟ್ಟೆ, ಎತ್ತರದ ಪೇಟ, ಅದರ ಮೇಲೆ ಉಕ್ಕಿನ ಚಕ್ರಗಳು. ಹೀಗಿದ್ದವರು ನಿಹಂಗರು, ಖಾಲ್ಸಾದ ಯೋಧ ಪರಂಪರೆಯವರು. ಮೊಘಲ್ ಸೈನ್ಯ ಬೆನ್ನಟ್ಟಿದಾಗ ಗುರು ಗೋಬಿಂದ್ ಸಿಂಗ್ ನೀಲಿ ಬಟ್ಟೆ ತೊಟ್ಟು ಸೂಫಿ ಪೀರ್ ವೇಷದಲ್ಲಿ ಪಾರಾದರು, ಅವರಿಗೆ ಜೊತೆಯಾದದ್ದು ಇಬ್ಬರು ಪಠಾಣ ಸಹೋದರರು ಅನ್ನೋ ಕಥೆಯೂ ಸಂಪ್ರದಾಯದಲ್ಲಿದೆ. ಬಿಳಿ ಬಟ್ಟೆ, ಹಣೆ ಮೇಲೆ ಚಪ್ಪಟೆಯಾಗಿ ಕಟ್ಟಿದ ಬಿಳಿ ಪೇಟ ಕಂಡ್ರೆ ಅವರು ನಾಮಧಾರಿಗಳು.

ನಮ್ಮ ಕರ್ನಾಟಕಕ್ಕೂ ನಂಟಿದೆ. 1699ರಲ್ಲಿ ಆನಂದಪುರದಲ್ಲಿ ಖಾಲ್ಸಾ ಹುಟ್ಟಿದಾಗ ಮುಂದೆ ಬಂದ ಐವರಲ್ಲಿ, ಪಂಜ್ ಪ್ಯಾರೇಗಳಲ್ಲಿ, ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಗುರುನಾನಕರ ನೆನಪಿನ ನಾನಕ್ ಝೀರಾ ಗುರುದ್ವಾರವೂ ಬೀದರಿನಲ್ಲೇ ಇದೆ.

ಸರಿ, ದಿನಾ ಕಟ್ಟೋ ಪೇಟಕ್ಕೆ ಏನು ರೂಲ್ಸು? ಬಣ್ಣದ ವಿಷಯದಲ್ಲಿ ಏನೂ ಇಲ್ಲ. ಶರ್ಟಿಗೆ ಮ್ಯಾಚ್ ಆಗೋ ಬಣ್ಣ ಕಟ್ಟಬಹುದು, ಮದುವೆಗೆ ಗುಲಾಬಿ, ಕೆಂಪು. ಕೆಲವೊಮ್ಮೆ ಬಣ್ಣವೇ ಮಾತಾಡುತ್ತೆ. 1921ರಲ್ಲಿ ನನ್ಕಾನಾ ಸಾಹಿಬ್ ಹತ್ಯಾಕಾಂಡದ ನಂತರ ಪ್ರತಿಭಟನೆಗಾಗಿ ಬಹಳ ಸಿಖ್ಖರು ಕಪ್ಪು ಪೇಟ ಕಟ್ಟಿದ್ರು. 2022ರಲ್ಲಿ ಭಗವಂತ್ ಮಾನ್ ಪಂಜಾಬ್ ಮುಖ್ಯಮಂತ್ರಿಯಾದಾಗ ಪ್ರಮಾಣವಚನಕ್ಕೆ ಬಸಂತಿ ಪೇಟ ಕಟ್ಟಿ ಬನ್ನಿ ಅಂತ ಜನರನ್ನ ಕರೆದ್ರು. ಸಮಾರಂಭ ನಡೆದದ್ದು ಭಗತ್ ಸಿಂಗ್ ಪೂರ್ವಜರ ಊರು ಖಟ್ಕರ್ ಕಲಾಂನಲ್ಲಿ. ಇನ್ನು ಮನಮೋಹನ್ ಸಿಂಗ್ ಅವರ ತಿಳಿನೀಲಿ ಪೇಟ? ಅದರಲ್ಲಿ ಧರ್ಮವೂ ಇಲ್ಲ, ಪಕ್ಷವೂ ಇಲ್ಲ. ಅದು ಅವರು ಓದಿದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಬಣ್ಣ.