ಊರಮನೆಯ ಹೋಮ್‌ಸ್ಟೇ: ಮುನಿದ ಅತಿಥಿಗೂ ಅವರ ರಿವ್ಯೂಗೂ ಉತ್ತರ ಹೇಗೆ?

ಗಲ್ಲಾದಲ್ಲಿ ಕುಳಿತು ತಲೆ ನೆರೆದ ನಮಗೆ ಕಿರಿಕಿರಿಯ ಗಿರಾಕಿ ಹೊಸಬನಲ್ಲ. ಸಾಂಬಾರು ತಣ್ಣಗಿದೆ ಎಂದರೆ ಬಿಸಿ ಸಾಂಬಾರು, ದೋಸೆ ಸೀದಿದೆ ಎಂದರೆ ಇನ್ನೊಂದು ದೋಸೆ, ಬಿಲ್ಲು ತಪ್ಪಿದೆ ಎಂದರೆ ಬಿಲ್ಲು ತಿದ್ದಿ ಒಂದು ನಗು. ಐದು ನಿಮಿಷದಲ್ಲಿ ಮಾತು ಮುಗಿಯುತ್ತದೆ. ಬೈದು ಹೋದವನೇ ಮರುದಿನ ಅದೇ ಟೇಬಲಿಗೆ ಬಂದು ಕೂರುವುದೂ ಉಂಟು. ಮುಂಬಯಿ, ಪುಣೆಗಳಲ್ಲಿ ಉಡುಪಿ ಹೋಟೆಲುಗಳ ಹೆಸರು ಉಳಿದಿರುವುದರಲ್ಲಿ ಇಡ್ಲಿ-ವಡೆಯ ರುಚಿಯ ಪಾಲು ಎಷ್ಟಿದೆಯೋ ಈ ತಾಳ್ಮೆಯ ಪಾಲೂ ಅಷ್ಟೇ ಇದೆ.

ಈಚಿನ ವರ್ಷಗಳಲ್ಲಿ ನಮ್ಮ ಬಾಂಧವರಲ್ಲಿ ಕೆಲವರು ಇನ್ನೊಂದು ಕೆಲಸಕ್ಕೂ ಕೈಹಾಕಿದ್ದಾರೆ. ಕುಂದಾಪುರ, ಉಡುಪಿ, ಕಾರ್ಕಳ ಕಡೆಯ ಹಿರಿಯರ ಮನೆ ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿಕೊಂಡಿರುತ್ತದೆ. ಮುಚ್ಚಿದ ಮನೆಗೆ ಗೆದ್ದಲು ಬೇಗ, ಹಂಚು ಜಾರುವುದು ಬೇಗ. ಮಕ್ಕಳು ಹೇಳುತ್ತಾರೆ, ಇದನ್ನು ಏರ್‌ಬಿಎನ್‌ಬಿಗೆ ಹಾಕೋಣ ಎಂದು. ಎರಡು ಕೋಣೆಗೆ ಬಣ್ಣ ಬಳಿದು, ಕಮೋಡು ಹಾಕಿಸಿ, ಫೋಟೋ ತೆಗೆದು ಹಾಕಿದ ಮೇಲೆ ಅತಿಥಿಗಳು ಬರತೊಡಗುತ್ತಾರೆ. ಬಂದ ಹಣದಲ್ಲಿ ಹಂಚಿನ ರಿಪೇರಿ ಆಗುತ್ತದೆ, ಮನೆ ನೋಡಿಕೊಳ್ಳುವ ಅಕ್ಕನಿಗೆ ಒಂದು ಸಂಬಳವೂ ಆಗುತ್ತದೆ. ಹೀಗೆ ನಡೆಯುತ್ತಿರುವಾಗ ಒಂದು ದಿನ ಯಾರೋ ಬೆಂಗಳೂರಿನವರು ಎರಡು ರಾತ್ರಿ ಇದ್ದು ಹೋಗಿ ಮೂರು ಸಾಲು ಬರೆಯುತ್ತಾರೆ: "ಬಾತ್‌ರೂಮಿನಲ್ಲಿ ಹಲ್ಲಿ. ನೆಟ್‌ವರ್ಕ್ ಇಲ್ಲ. ಕೊಟ್ಟ ಹಣಕ್ಕೆ ತಕ್ಕದ್ದಲ್ಲ." ಗಲ್ಲಾದ ತಾಳ್ಮೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅತಿಥಿ ಎದುರಿಗಿಲ್ಲ, ಬದಲಿಗೆ ಇನ್ನೊಂದು ದೋಸೆ ಹಾಕಿಸಿ ಕೊಡುವಂತಿಲ್ಲ, ಬರೆದದ್ದು ಅಲ್ಲೇ ಉಳಿಯುತ್ತದೆ.

ಮೊದಲು ಈ ಸ್ಟಾರ್ ಲೆಕ್ಕವನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಕಾಲದ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಬಂದರೆ ಡಿಸ್ಟಿಂಕ್ಷನ್. ಐದರಲ್ಲಿ ನಾಲ್ಕು ಎಂದರೂ ಅಷ್ಟೇ ಆಗಬೇಕಲ್ಲವೇ? ಏರ್‌ಬಿಎನ್‌ಬಿಯಲ್ಲಿ ಹಾಗಲ್ಲ. ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಸುಮಾರು ಶೇಕಡಾ 95 ಮನೆಗಳ ಸರಾಸರಿ ನಾಲ್ಕೂವರೆ ಅಥವಾ ಐದು ಸ್ಟಾರ್ ಇತ್ತು. ಎಲ್ಲರೂ ಐದರ ಹತ್ತಿರ ಇರುವ ಕಡೆ ನಾಲ್ಕು ಪಡೆದವನು ಹಿಂದಿನ ಬೆಂಚಿನವನೇ. 'ಸೂಪರ್‌ಹೋಸ್ಟ್' ಎಂಬ ಬಿರುದಿಗೆ 4.8 ಬೇಕು, ಜೊತೆಗೆ ಶೇಕಡಾ 90 ವಿಚಾರಣೆಗಳಿಗೆ ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟಿರಬೇಕು, ನಾವಾಗಿ ರದ್ದು ಮಾಡಿದ ಬುಕ್ಕಿಂಗು ಶೇಕಡಾ ಒಂದಕ್ಕಿಂತ ಕಡಿಮೆ ಇರಬೇಕು. ಮೂರು ತಿಂಗಳಿಗೊಮ್ಮೆ ಈ ಲೆಕ್ಕ ನೋಡುತ್ತಾರೆ. ವರ್ಷಕ್ಕೆ ಹದಿನೈದು-ಇಪ್ಪತ್ತು ಬುಕ್ಕಿಂಗು ಇರುವ ಊರಮನೆಗೆ ಒಂದೇ ಒಂದು ಎರಡು ಸ್ಟಾರ್ ರಿವ್ಯೂ ಬಂದರೂ ಸರಾಸರಿ ಜಾರುತ್ತದೆ. ದಿನಕ್ಕೆ ಸಾವಿರ ಪ್ಲೇಟು ಹೋಗುವ ಹೋಟೆಲಿಗೆ ಈ ಭಯವಿಲ್ಲ.

ಇನ್ನು ಕಷ್ಟದ ಅತಿಥಿ ಎಂದರೆ ಯಾರು? ನಿಜವಾಗಿ ಕೆಟ್ಟವರು ಕಡಿಮೆ. ಹೆಚ್ಚಿನವರು ತಾವು ಎಣಿಸಿ ಬಂದದ್ದು ಬೇರೆ, ಇಲ್ಲಿ ಕಂಡದ್ದು ಬೇರೆ ಎಂದು ಮುನಿದವರು. ಫೋಟೋದಲ್ಲಿ ಚಾವಡಿ, ಮರದ ಕಂಬ, ಅಂಗಳದ ತುಳಸಿಕಟ್ಟೆ ಚೆಂದ ಕಾಣುತ್ತವೆ. ಹಂಚಿನ ಮಾಡಿನ ಸಂದಿಯಿಂದ ಹಲ್ಲಿ ಬರುತ್ತದೆ, ಮಳೆಗಾಲದಲ್ಲಿ ಬಚ್ಚಲಿಗೆ ಕಪ್ಪೆ ಬರುತ್ತದೆ, ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ, ಬೆಳಗ್ಗೆ ಐದಕ್ಕೇ ನವಿಲು ಕೂಗುತ್ತದೆ ಎಂಬುದನ್ನು ಫೋಟೋ ಹೇಳುವುದಿಲ್ಲ. ನಾವು ಹೇಳಬೇಕು, ಬುಕ್ಕಿಂಗಿಗೆ ಮೊದಲೇ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೇಗಿರುತ್ತದೆ, ಯಾವ ಕಂಪೆನಿಯ ಸಿಮ್ ಸಿಗ್ನಲ್ ಹಿಡಿಯುತ್ತದೆ, ಇನ್ವರ್ಟರಿನಲ್ಲಿ ಏಸಿ ಓಡುತ್ತದೋ ಇಲ್ಲವೋ, ಕಾರು ಅಂಗಳಕ್ಕೆ ಬರುತ್ತದೋ ತೋಟದಲ್ಲಿ ನೂರು ಹೆಜ್ಜೆ ನಡೆಯಬೇಕೋ ಎಂಬುದೆಲ್ಲ ಮನೆಯ ವಿವರಣೆಯಲ್ಲಿ ಇರಲಿ. ಹೀಗೆ ಬರೆದರೆ ಬುಕ್ಕಿಂಗು ಕಡಿಮೆಯಾಗುತ್ತದೆ ಎಂಬ ಅಳುಕು ಸಹಜ. ಆಗುತ್ತದೆ ಕೂಡ. ಕಡಿಮೆಯಾಗುವವರು ಯಾರೆಂದರೆ ಹಲ್ಲಿ ಕಂಡು ಎರಡು ಸ್ಟಾರ್ ಕೊಡಲಿದ್ದವರೇ. ಅತಿಥಿಗಳು ಕೊಡುವ ಅಂಕದಲ್ಲಿ ಸ್ವಚ್ಛತೆ, ಜಾಗ, ಬೆಲೆ ಇವುಗಳ ಜೊತೆ 'ಹೇಳಿದಂತೆ ಇತ್ತೇ' ಎಂಬುದಕ್ಕೂ ಒಂದು ಪ್ರತ್ಯೇಕ ಅಂಕವಿದೆ ಎಂಬುದು ನೆನಪಿರಲಿ.

ದೈವದ ಕೋಣೆ, ನಾಗಬನ ಇರುವ ಮನೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ಚಪ್ಪಲಿ ಹಾಕಿಕೊಂಡು ಚಾವಡಿಗೆ ಬಂದರು, ಅಡುಗೆಮನೆಯಲ್ಲಿ ಕೋಳಿ ಬೇಯಿಸಿದರು, ನಾಗಬನದ ಕಟ್ಟೆ ಹತ್ತಿ ಫೋಟೋ ತೆಗೆದರು ಎಂದು ಊರಿನಿಂದ ಫೋನು ಬಂದಾಗ ಇಲ್ಲಿ ಗಲ್ಲಾದಲ್ಲಿ ಕುಳಿತವರ ರಕ್ತ ಕುದಿಯುತ್ತದೆ. ಆದರೆ ದೆಹಲಿಯಿಂದ ಬಂದ ಹುಡುಗನಿಗೆ ನಾಗಬನವೆಂದರೆ ನಾಲ್ಕು ಮರ, ನಾಲ್ಕು ಕಲ್ಲು. ಅವನಿಗೆ ಗೊತ್ತಿರಬೇಕೆಂದು ನಾವು ಎಣಿಸುವುದರಲ್ಲಿ ಅರ್ಥವಿಲ್ಲ. ದೈವದ ಕೋಣೆಗೆ ಬೀಗ, ನಾಗಬನದ ದಾರಿಗೆ ಒಂದು ದಣಪೆ ಮತ್ತು ಬೋರ್ಡು, ಮೀನು-ಮಾಂಸ ಮತ್ತು ಮದ್ಯದ ಬಗ್ಗೆ ಮನೆಯ ನಿಯಮಗಳಲ್ಲಿ ನೇರವಾದ ಒಂದೊಂದು ಸಾಲು ಸಾಕು. ನಿಯಮ ಬರವಣಿಗೆಯಲ್ಲಿದ್ದರೆ ಮೀರಿದವರ ಬಗ್ಗೆ ಕಂಪೆನಿಗೆ ದೂರು ಕೊಡಲು ಆಧಾರವಿರುತ್ತದೆ. ಬಾಯಿಮಾತಿನಲ್ಲಿದ್ದರೆ ಅದು ಬರೀ ಜಗಳ.

ಬಂದ ಮೇಲಿನ ತಕರಾರಿಗೆ ಮದ್ದು ವೇಗ. ಗೀಸರ್ ಕೆಟ್ಟಿದೆ ಎಂದು ಅತಿಥಿ ರಾತ್ರಿ ಎಂಟಕ್ಕೆ ಮೆಸೇಜ್ ಹಾಕುತ್ತಾರೆ. ಮುಂಬಯಿಯಲ್ಲಿ ಅದು ರಶ್ಶಿನ ಹೊತ್ತು, ನಾವು ನೋಡುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ರಿವ್ಯೂ ಬರೆದಾಗಿರುತ್ತದೆ. ಊರಿನಲ್ಲಿ ನೋಡಿಕೊಳ್ಳುವವರ ಕೈಯಲ್ಲಿ ಎರಡು-ಮೂರು ಸಾವಿರ ರೂಪಾಯಿ ಇರಲಿ, ಇಲೆಕ್ಟ್ರಿಶಿಯನ್ನನ್ನು ಕರೆಸಲು ನಮ್ಮ ಅಪ್ಪಣೆಗೆ ಕಾಯಬೇಕಾಗಿಲ್ಲ ಎಂಬ ಮಾತಿರಲಿ. ಹೋಟೆಲಿನಲ್ಲಿ ಮ್ಯಾನೇಜರನಿಗೆ ನಾವು ಕೊಡುವ ಸ್ವಾತಂತ್ರ್ಯವನ್ನು ಊರಿನ ಅಕ್ಕನಿಗೂ ಕೊಡಬೇಕು. ಒಲೆಯಲ್ಲಿ ಒಂದು ಹಂಡೆ ನೀರು ಕಾಯಿಸಿ ಕೊಟ್ಟು, "ನಾಳೆ ಬೆಳಗ್ಗೆ ಸರಿಯಾಗುತ್ತದೆ" ಎಂದು ಹೇಳಿದರೆ ಎಷ್ಟೋ ಮಂದಿಗೆ ಅದೇ ಒಂದು ಅನುಭವವಾಗಿಬಿಡುತ್ತದೆ. ಬಿಳಿ ಬೆಡ್‌ಶೀಟಿನ ಮೇಲೆ ಅರಸಿನ, ಮದರಂಗಿ, ಹೇರ್‌ಡೈ ಕಲೆಯ ವಿಷಯಕ್ಕೆ ಮಾತ್ರ ಜಗಳ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಅದು ಧಂದೆಯ ಖರ್ಚು, ಟವೆಲಾದರೂ ಕಡುಬಣ್ಣದ್ದು ಇಟ್ಟರಾಯಿತು.

ದೊಡ್ಡ ನಷ್ಟವಾದರೆ ಬೇರೆ ಮಾತು. ನಾಲ್ವರಿಗೆ ಬುಕ್ ಮಾಡಿ ಒಂಬತ್ತು ಮಂದಿ ಬರುವುದು, ಹಳೆಯ ಮರದ ಪತ್ತಾಯದ ಮೇಲೆ ಹತ್ತಿ ಕುಣಿದು ಮುರಿಯುವುದು, ಇಂಥದ್ದೂ ನಡೆಯುತ್ತದೆ. ಏರ್‌ಬಿಎನ್‌ಬಿ 2020ರಲ್ಲಿ ತನ್ನ ಮನೆಗಳಲ್ಲಿ ಪಾರ್ಟಿಗಳನ್ನು ನಿಷೇಧಿಸಿ 2022ರಲ್ಲಿ ಅದನ್ನು ಕಾಯಂ ಮಾಡಿದೆ. ಹಾನಿಯ ಪರಿಹಾರ ಕೇಳುವುದಿದ್ದರೆ ಅತಿಥಿ ಹೊರಟ 14 ದಿನಗಳೊಳಗೆ ಕೇಳಬೇಕು, ಫೋಟೋ ಮತ್ತು ರಿಪೇರಿಯ ಬಿಲ್ಲು ಬೇಕು. ಹಾಗಾಗಿ ಪ್ರತಿ ಅತಿಥಿ ಬರುವ ಮೊದಲು ಕೋಣೆಗಳ ಫೋಟೋ, ಹೊರಟ ಕೂಡಲೇ ಮತ್ತೊಮ್ಮೆ ಫೋಟೋ, ದಿನಾಂಕ ಸಮೇತ. ಮಾತುಕತೆಯೆಲ್ಲ ಆ್ಯಪಿನ ಮೆಸೇಜಿನಲ್ಲೇ ನಡೆಯಲಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲ. "ಆ್ಯಪಿನಲ್ಲಿ ಕ್ಯಾನ್ಸಲ್ ಮಾಡಿ, ನಗದು ಕೊಡುತ್ತೇನೆ, ಕಮಿಷನ್ ಉಳಿಯುತ್ತದೆ" ಎನ್ನುವವರ ಮಾತಿಗೆ ಒಪ್ಪಿದರೆ ಈ ರಕ್ಷಣೆಯೆಲ್ಲ ಹೋದಂತೆ. ಮತ್ತೊಂದು ಎಚ್ಚರಿಕೆ: ಹೋಟೆಲಿನ ಮೂಲೆಮೂಲೆಗೆ ಕ್ಯಾಮರಾ ಹಾಕಿ ಅಭ್ಯಾಸವಾದ ನಮಗೆ ಊರಮನೆಯ ಚಾವಡಿಗೂ ಒಂದು ಹಾಕೋಣ ಎನಿಸುತ್ತದೆ. 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿ ಮನೆಯೊಳಗಿನ ಕ್ಯಾಮರಾಗಳನ್ನು ಪೂರ್ತಿ ನಿಷೇಧಿಸಿದೆ. ಹೊರಗೆ ಅಂಗಳಕ್ಕೆ ಹಾಕಿದ್ದನ್ನೂ ವಿವರಣೆಯಲ್ಲಿ ತಿಳಿಸಲೇಬೇಕು.

ಹಣ ವಾಪಸು ಕೊಡದಿದ್ದರೆ ಕೆಟ್ಟ ರಿವ್ಯೂ ಬರೆಯುತ್ತೇನೆ ಎಂದು ಹೆದರಿಸುವವರು ಒಂದು ಜಾತಿ. ಅವರಿಗೆ ಬಗ್ಗುವುದು ಬೇಡ. ರಿವ್ಯೂವನ್ನು ಹೀಗೆ ಬೆದರಿಕೆಗೆ ಬಳಸುವುದು ಆ ಕಂಪೆನಿಯ ನಿಯಮಕ್ಕೇ ವಿರುದ್ಧ. ಬೆದರಿಕೆ ಆ್ಯಪಿನ ಮೆಸೇಜಿನಲ್ಲಿದ್ದರೆ ಅದನ್ನೇ ತೋರಿಸಿ ದೂರು ಕೊಡಬಹುದು. ಫೋನಿನಲ್ಲಿ ಹೆದರಿಸಿದರೆ, "ನೀವು ಈಗ ಹೇಳಿದ್ದನ್ನು ದಯವಿಟ್ಟು ಮೆಸೇಜಿನಲ್ಲಿ ತಿಳಿಸಿ" ಎಂದು ಕೇಳಿ. ಹೆಚ್ಚಿನವರು ಅಲ್ಲಿಗೆ ತಣ್ಣಗಾಗುತ್ತಾರೆ.

ನಾವೂ ಅತಿಥಿಯ ಬಗ್ಗೆ ಬರೆಯಬಹುದು ಎಂಬುದನ್ನು ನಮ್ಮಲ್ಲಿ ಹಲವರು ಉಪಯೋಗಿಸುವುದೇ ಇಲ್ಲ. ನಾವು ಟೀಕಿಸಿದರೆ ಅವರು ಸೇಡು ತೀರಿಸಿಯಾರೆಂಬ ಭಯ. ಅದು ಹಳೆಯ ಕಾಲದ ಭಯ. 2014ರಿಂದ ಎರಡೂ ಕಡೆಯವರು ಬರೆದ ಮೇಲೆ, ಇಲ್ಲವೇ 14 ದಿನ ಕಳೆದ ಮೇಲೆ ಮಾತ್ರ ರಿವ್ಯೂಗಳು ತೆರೆದುಕೊಳ್ಳುತ್ತವೆ. ನಮ್ಮದನ್ನು ಓದಿ ಅವರು ತಮ್ಮದನ್ನು ಬರೆಯುವಂತಿಲ್ಲ. ಒಂಬತ್ತು ಮಂದಿ ಬಂದದ್ದನ್ನು ಹಾಗೆಯೇ, ಬೈಗುಳವಿಲ್ಲದೆ ಬರೆದಿಟ್ಟರೆ ಮುಂದಿನ ಮನೆಯವರಿಗೆ ಉಪಕಾರ.

ಈಗ ಮುಖ್ಯ ವಿಷಯ, ಬಂದ ರಿವ್ಯೂಗೆ ಉತ್ತರ. ಉತ್ತರ ಕೊಡಲು 30 ದಿನಗಳ ಅವಕಾಶವಿದೆ. ಓದಿದ ರಾತ್ರಿಯೇ ಬರೆಯುವ ಅಗತ್ಯವಿಲ್ಲ, ಎರಡು ದಿನ ಬಿಟ್ಟು ಬರೆಯಿರಿ. ಬರೆಯುವಾಗ ಎದುರಿಗೆ ಆ ಅತಿಥಿಯನ್ನು ಕಲ್ಪಿಸಿಕೊಳ್ಳಬೇಡಿ. ಅವರು ಬರೆದು ಮರೆತಾಗಿದೆ, ತಿರುಗಿ ಬರುವವರೂ ಅಲ್ಲ. ನಿಮ್ಮ ಉತ್ತರವನ್ನು ಓದುವವರು ಮುಂದಿನ ಡಿಸೆಂಬರಿಗೆ ಮಕ್ಕಳನ್ನು ಕರೆದುಕೊಂಡು ಬರೋಣವೇ ಎಂದು ಯೋಚಿಸುತ್ತಿರುವ ಇನ್ನೊಂದು ಕುಟುಂಬದವರು. ಈ ಮನೆಯವರು ಎಂಥವರು ಎಂದು ಅವರು ನೋಡುತ್ತಿರುತ್ತಾರೆ. ಹಲ್ಲಿಯ ರಿವ್ಯೂಗೆ ನಾವಾದರೆ ಹೀಗೆ ಬರೆದೇವು:

"ನಮ್ಮ ಮನೆಯಲ್ಲಿ ಎರಡು ದಿನ ಉಳಿದುಕೊಂಡದ್ದಕ್ಕೆ ವಂದನೆಗಳು. ಇದು ಹಂಚಿನ ಮಾಡಿನ ಹಳೆಯ ಮನೆ, ಹಲ್ಲಿಗಳು ಇರುತ್ತವೆ. ಇದನ್ನು ವಿವರಣೆಯಲ್ಲಿ ತಿಳಿಸಿದ್ದೇವೆ. ಬಾತ್‌ರೂಮಿನ ಕಿಟಕಿಗೆ ಈಗ ಜಾಲರಿ ಹಾಕಿಸಿದ್ದೇವೆ. ಮೊಬೈಲ್ ನೆಟ್‌ವರ್ಕ್ ದುರ್ಬಲ ಎಂಬುದು ನಿಜ. ವೈಫೈ ಚಾವಡಿಯಲ್ಲಿ ಚೆನ್ನಾಗಿ ಸಿಗುತ್ತದೆ."

ಇಷ್ಟೇ ಸಾಕು. ಇಲ್ಲಿ ಜಗಳವೂ ಇಲ್ಲ, ಅಂಗಲಾಚುವುದೂ ಇಲ್ಲ. ಒಂದು ಸಂಗತಿಯನ್ನು ಒಪ್ಪಿಕೊಂಡಿದೆ, ಒಂದನ್ನು ಸರಿಪಡಿಸಿದೆ, ಮುಂದಿನವರಿಗೆ ಬೇಕಾದ ಮಾಹಿತಿಯೂ ಬಂತು. ಜಾಲರಿ ನಿಜಕ್ಕೂ ಹಾಕಿಸಿದ್ದರೆ ಮಾತ್ರ ಹಾಗೆ ಬರೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. "ನೀವು ರಾತ್ರಿಯಿಡೀ ಗಲಾಟೆ ಮಾಡಿದ್ದು ಮರೆತಿರಾ?" ಎಂದು ಬರೆದವರ ಉತ್ತರಗಳನ್ನೂ ನಾವು ಓದಿದ್ದೇವೆ. ಗಲಾಟೆ ಮಾಡಿದ್ದು ನಿಜವೇ ಇರಬಹುದು, ಆದರೂ ಓದಿದವನು ಮುಂದಿನ ಮನೆ ಹುಡುಕುತ್ತಾನೆ.

ಉತ್ತರ ಬರೆಯುವುದರಿಂದ ಏನಾದೀತು ಎನ್ನುವವರಿಗೆ ಒಂದು ಲೆಕ್ಕವಿದೆ. ಅಮೆರಿಕದ ಟೆಕ್ಸಾಸ್‌ನ ಹೋಟೆಲುಗಳಿಗೆ ಟ್ರಿಪ್‌ಅಡ್ವೈಸರ್‌ನಲ್ಲಿ ಬಂದ ರಿವ್ಯೂಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಉತ್ತರ ಕೊಡಲು ಶುರು ಮಾಡಿದ ಹೋಟೆಲುಗಳಿಗೆ ರಿವ್ಯೂಗಳು ಶೇಕಡಾ 12ರಷ್ಟು ಹೆಚ್ಚಿದವು, ಸರಾಸರಿ 0.12 ಸ್ಟಾರ್ ಏರಿತು. ಮಾಲೀಕರು ಓದುತ್ತಾರೆ ಎಂದು ಗೊತ್ತಾದರೆ ಹುರುಳಿಲ್ಲದೆ ಒಂದು ಸಾಲು ಬೈದು ಹೋಗುವವರು ಹಿಂಜರಿಯುತ್ತಾರೆ ಎಂಬುದು ಸಂಶೋಧಕರು ಕೊಟ್ಟ ಕಾರಣ. 0.12 ಸಣ್ಣದಾಗಿ ಕಂಡೀತು. 4.7ರಲ್ಲಿ ನಿಂತವರಿಗೆ ಅದು ಸಣ್ಣದಲ್ಲ. ಇದು ನಮ್ಮ ಹೋಟೆಲುಗಳ ಗೂಗಲ್ ರಿವ್ಯೂಗೂ ಹೊಂದುವ ಮಾತು. ಅಲ್ಲಂತೂ ಎಷ್ಟೋ ಸದಸ್ಯರು ಒಂದೇ ಒಂದು ಉತ್ತರವನ್ನೂ ಬರೆದಿಲ್ಲ.

ಭಾವ-ಮೈದುನರಿಂದ, ಅಳಿಯಂದಿರ ಆಫೀಸಿನವರಿಂದ ಐದು ಸ್ಟಾರ್ ಬರೆಸುವ ಉಪಾಯ ಕೆಲವರ ತಲೆಯಲ್ಲಿದೆ. ತಂಗಿದವರು ಮಾತ್ರ ಬರೆಯಬಹುದಾದ ಏರ್‌ಬಿಎನ್‌ಬಿಯಲ್ಲಿ ಇದು ಸುಲಭವಲ್ಲ, ಗೂಗಲ್‌ನಲ್ಲಿ ಸಿಕ್ಕಿಬೀಳುತ್ತದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿರುವುದು ಇಂಥ ಸುಳ್ಳು ರಿವ್ಯೂಗಳ ಹಾವಳಿ ನೋಡಿಯೇ.

ಕಾನೂನಿನ ಕೆಲಸ ಎರಡು ಮಾತಿನಲ್ಲಿ: ಕರ್ನಾಟಕದ ಹೋಮ್‌ಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿರಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಪ್ರತಿಯೊಬ್ಬರ ಗುರುತುಪತ್ರ ನೋಡುವುದನ್ನು ಊರಿನವರಿಗೆ ಕಲಿಸಿ. ಬಂದದ್ದು ನಾಲ್ವರೋ ಒಂಬತ್ತೋ ಎಂಬುದೂ ಆಗಲೇ ಗೊತ್ತಾಗುತ್ತದೆ.

ರಿವ್ಯೂಗಳು ಇಂಗ್ಲಿಷಿನಲ್ಲಿ ಬರುತ್ತವೆ, ನಮ್ಮ ಮೊಬೈಲಿಗೆ ಬರುತ್ತವೆ. ಊರಿನ ಅಕ್ಕನಿಗೆ ತಲುಪುವುದು ತಪ್ಪು ನಡೆದಾಗಿನ ನಮ್ಮ ಗದರಿಕೆ ಮಾತ್ರ. ಹದಿನೈದು ದಿನಕ್ಕೊಮ್ಮೆ, ಮಧ್ಯಾಹ್ನ ಮೂರರ ಬಿಡುವಿನಲ್ಲಿ ಅವರಿಗೆ ಫೋನು ಮಾಡಿ, ಬಂದದ್ದನ್ನೆಲ್ಲ ತುಳುವಿನಲ್ಲೋ ಕನ್ನಡದಲ್ಲೋ ಓದಿ ಹೇಳಿ. ಬಚ್ಚಲಿನ ನೀರು ಹೋಗುವುದಿಲ್ಲ ಎಂದು ಬರೆದದ್ದನ್ನೂ ಹೇಳಿ, ನೀರುದೋಸೆಯನ್ನು ಹೊಗಳಿ ಬರೆದದ್ದನ್ನೂ ಹೇಳಿ.