ಯಕ್ಷಗಾನಕ್ಕೆ ಅಕ್ಷರ ಎಷ್ಟು?

ಮುಂಬಯಿಯ ಮಾಟುಂಗದ ಓದುಗರೊಬ್ಬರ ಪ್ರಶ್ನೆ: ಬ್ರೌಸರಿನಲ್ಲೇ ಆಮಂತ್ರಣ ಪತ್ರಿಕೆ ತಯಾರಿಸುವ ತಾಣವೊಂದರಲ್ಲಿ ‘ಯಕ್ಷಗಾನ’ ಎಂದು ನೇರ ಸಾಲಿನಲ್ಲಿ ಬರೆದರೆ ಸರಿಯಾಗಿ ಮೂಡುತ್ತದೆ. ಕಮಾನಿನಂತೆ ಬಾಗಿಸಿದರೆ ಒಡೆದುಹೋಗುತ್ತದೆ. ಫಾಂಟ್ ಬದಲಿಸಿದರೂ ಅದೇ ಪಾಡು. ಏಕೆ?

ಫಾಂಟನ್ನು ದೂರಿ ಫಲವಿಲ್ಲ. ಕನ್ನಡ ಫಾಂಟ್ ರೂಪಿಸುವ ಕೆಲಸವನ್ನು ಮುಂಬಯಿಯವರೇ ಎಂದೋ ಮಾಡಿಟ್ಟಿದ್ದಾರೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಕನ್ನಡ ಫಾಂಟ್ ‘ತುಂಗಾ’ ರೂಪಿಸಿದವರು ರಘುನಾಥ ಜೋಶಿ ಮತ್ತು ವಿನಯ್ ಸಾಯ್ನೇಕರ್. ಜೋಶಿಯವರು ಪೊವಾಯಿಯ ಐಐಟಿಯಲ್ಲಿ ಅಕ್ಷರ ವಿನ್ಯಾಸ ಕಲಿಸಿದವರು. ಹಿಂದಿಯ ‘ಮಂಗಲ್’ ಕೂಡ ಅವರದೇ.

ಫಾಂಟಿನೊಳಗಿನ ಒತ್ತು, ಗುಣಿತಗಳನ್ನು ಆರಿಸಿ ಸರಿಯಾದ ಜಾಗದಲ್ಲಿ ಕೂರಿಸುವುದು ಬೇರೊಂದು ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಅದರ ಹೆಸರು ಹಾರ್ಫ್‌ಬಜ್. ಅದನ್ನು ಕಟ್ಟಿದ ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ್ದಾರೆ. ವಿಕಿಪೀಡಿಯದಿಂದ ಸುಮಾರು ಒಂಬತ್ತೂವರೆ ಲಕ್ಷ ಕನ್ನಡ ಪದಗಳನ್ನು ಹೆಕ್ಕಿ, ತಮ್ಮ ತಂತ್ರಾಂಶದ ಜೋಡಣೆಯನ್ನು ವಿಂಡೋಸಿನ ಜೋಡಣೆಯೊಂದಿಗೆ ಒಂದೊಂದಾಗಿ ಹೋಲಿಸಿದರು. ವ್ಯತ್ಯಾಸ ಕಂಡದ್ದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಪದಗಳಲ್ಲಿ. ನೇರ ಸಾಲಿನ ಯಕ್ಷಗಾನ ಚೆನ್ನಾಗಿ ಕಾಣುವುದು ಇಂಥ ದುಡಿಮೆಯಿಂದ.

ಹಾಗಾದರೆ ಕಮಾನಿನಲ್ಲಿ ಆಗುವುದೇನು? ಬ್ರೌಸರಿನಲ್ಲಿ ಚಿತ್ರ ಬರೆಯಲು ‘ಕ್ಯಾನ್ವಾಸ್’ ಇದೆ; 2004ರಲ್ಲಿ ಆಪಲ್ ತಂದದ್ದು. ವಕ್ರರೇಖೆಯ ಮೇಲೆ ಪಠ್ಯ ಬರೆಯುವ ಸೌಲಭ್ಯ ಅದಕ್ಕೆ ಹುಟ್ಟಿನಿಂದಲೂ ಇಲ್ಲ. ಪ್ರೋಗ್ರಾಮರ್ ಪದವನ್ನು ತಾನೇ ತುಂಡರಿಸಿ, ಒಂದೊಂದು ತುಂಡನ್ನೂ ತಿರುಗಿಸಿ ಬರೆಯಬೇಕು. ಹಳೆಯ ಕೋಡ್ ಯೂನಿಕೋಡ್ ಸಂಕೇತಗಳನ್ನು ಎಣಿಸಿ ಕತ್ತರಿಸುತ್ತದೆ: ಯ, ಕ, ವಿರಾಮ (್), ಷ, ಗ, ದೀರ್ಘ (ಾ), ನ. ಒಟ್ಟು ಏಳು. ತಾಯಿಯಿಲ್ಲದ ವಿರಾಮವೂ ದೀರ್ಘವೂ ಚುಕ್ಕಿಗಳ ವೃತ್ತವೊಂದನ್ನು ತಬ್ಬಿಕೊಂಡು ಅನಾಥವಾಗಿ ನಿಲ್ಲುತ್ತವೆ. ಮಾಟುಂಗ ಸ್ಟೇಷನ್ ಬಳಿ ಹೂ ಮಾರುವವರು ಮಾಲೆಯನ್ನು ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ, ಗಂಟುಗಳ ನಡುವೆ ಮಾತ್ರ ಕತ್ತರಿಸುತ್ತಾರೆ. ಒಂದೇ ಗಂಟಿನಲ್ಲಿ ಎರಡು ಹೂ ಇರಬಹುದು; ‘ಕ್ಷ’ ಅಂಥದ್ದು. ಹೂವನ್ನು ಎಣಿಸಿ ಕತ್ತರಿ ಹಾಕಿದರೆ ದಾರ ಬಿಚ್ಚಿಕೊಳ್ಳುತ್ತದೆ.

ಕೋಡ್ ಆಧುನಿಕವಾದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. 2023ರಲ್ಲಿ ಕ್ರೋಮಿಗೆ ಗ್ರಾಫಿಕ್ಸ್ ಚಿಪ್ಪಿನಿಂದ ಕೆಲಸ ಮಾಡಿಸುವ ‘ವೆಬ್‌ಜಿಪಿಯು’ ಬಂದಾಗ ವೇಗದ ಬಗ್ಗೆ ಕೇಳಿಬಂದ ಜಯಘೋಷ ಸಣ್ಣದಲ್ಲ. ಆದರೆ ಪದವನ್ನು ಎಲ್ಲಿ ಕತ್ತರಿಸಬೇಕೆಂದು ಗ್ರಾಫಿಕ್ಸ್ ಚಿಪ್ಪಿಗೆ ಗೊತ್ತಿಲ್ಲ. ಅದು ತಪ್ಪನ್ನೇ ಇನ್ನಷ್ಟು ಬೇಗ ಬರೆದು ಕೊಡುತ್ತದೆ.

ಈಗ ಬ್ರೌಸರುಗಳಲ್ಲಿ ‘ಸೆಗ್ಮೆಂಟರ್’ ಎಂಬ ಸೌಲಭ್ಯವಿದೆ. ಯೂನಿಕೋಡ್ ನಿಯಮದಂತೆ ಪದವನ್ನು ಬಿಡಿಸುವುದು ಅದರ ಕೆಲಸ. ಅದು ‘ಯಕ್ಷಗಾನ’ವನ್ನು ಯ, ಕ್, ಷ, ಗಾ, ನ ಎಂದು ಬಿಡಿಸುತ್ತದೆ. ಐದು! ಬೇಕಾದದ್ದು ನಾಲ್ಕು. 2023ರ ಯೂನಿಕೋಡ್ 15.1 ಆವೃತ್ತಿ ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮ ತಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಗಳನ್ನು ಸೇರಿಸಿಕೊಂಡಿತು, ಕನ್ನಡವನ್ನು ಹೊರಗಿಟ್ಟಿತು. ಪಕ್ಕದ ತೆಲುಗಿನ ‘ಕ್ಷ’ ಇಡಿಯಾಗಿ ಉಳಿಯುತ್ತದೆ, ನಮ್ಮದು ಉಳಿಯುವುದಿಲ್ಲ.

ಇಂಥ ದೋಷ ವರ್ಷಗಟ್ಟಲೆ ಉಳಿಯುವುದು ಪರೀಕ್ಷೆಗಳ ದಾರಿದ್ರ್ಯದಿಂದ. ವಾಡಿಕೆಯ ಪರೀಕ್ಷೆಯಲ್ಲಿ ‘ಹಲೋ’ ಎಂದು ಇಂಗ್ಲಿಷಿನಲ್ಲಿ ಬರೆಸಿ, ಬಂದ ಚಿತ್ರವನ್ನು ಹಿಂದೆ ಕೂಡಿಟ್ಟ ಚಿತ್ರದ ಜೊತೆ ಪಿಕ್ಸೆಲ್ ಪಿಕ್ಸೆಲ್ ಹೋಲಿಸುತ್ತಾರೆ. ಯಂತ್ರದಿಂದ ಯಂತ್ರಕ್ಕೆ ಅಂಚುಗಳು ತುಸು ಬೇರೆಯಾಗುವುದರಿಂದ ರಿಯಾಯಿತಿಯೂ ಇರುತ್ತದೆ. ರಿಯಾಯಿತಿ ಸಡಿಲವಾದರೆ ಒಂದು ಒತ್ತು ಮಾಯವಾದರೂ ಪಾಸು. ಬ್ರೌಸರ್ ತಯಾರಕರ ‘ಅಹೆಮ್’ ಎಂಬ ಪರೀಕ್ಷಾ ಫಾಂಟ್ ಇನ್ನೂ ತಮಾಷೆ: ಅದರಲ್ಲಿ ಬಹುತೇಕ ಅಕ್ಷರಗಳೆಲ್ಲ ಒಂದೇ ಬಗೆಯ ಕಪ್ಪು ಚೌಕ. ಅಳತೆ ನೋಡಲು ಅದು ಸೊಗಸಾದ ಉಪಾಯ, ಒತ್ತಕ್ಷರಕ್ಕೆ ಪ್ರಯೋಜನವಿಲ್ಲ.

ನನಗೆ ಮೆಚ್ಚಿಗೆಯಾದದ್ದು ಎರಡು ದಾರಿಗಳಿಂದ ಬರೆಸಿ ಹೋಲಿಸುವ ‘ರೆಫ್‌ಟೆಸ್ಟ್’. ಕಮಾನಿನ ಬಾಗನ್ನು ಸೊನ್ನೆಗೆ ಇಳಿಸಿ ಬರೆಸಿ. ನೇರ ಸಾಲಿನಲ್ಲೂ ಬರೆಸಿ. ಎರಡೂ ಹೊಂದಬೇಕು. ಚಿತ್ರ ಕೂಡಿಡುವ ತಾಪತ್ರಯವಿಲ್ಲ, ಪರೀಕ್ಷಕರಿಗೆ ಕನ್ನಡ ಬರಬೇಕೆಂದೂ ಇಲ್ಲ.

ಕೋಡಿನ ರಿಪೇರಿಗೂ ಹೆಚ್ಚು ಸಾಲು ಬೇಡ. ಸೆಗ್ಮೆಂಟರ್ ಕೊಟ್ಟ ತುಂಡು ವಿರಾಮದಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸಿದರಾಯಿತು. ಇದನ್ನು ಪರೀಕ್ಷಿಸುವ ಪದಪಟ್ಟಿಯಲ್ಲಿ ಎರಡು ಪದ ಇರಲೇಬೇಕು. ‘ರ‍್ಯಾಂಕ್’ನ ಮೊದಲ ಅಕ್ಷರ ಕೂಡಬೇಕು, ‘ರಾಜ್‌ಕುಮಾರ್’ನ ನಡುವೆ ಕಣ್ಣಿಗೆ ಕಾಣದ ಬೇರ್ಪಡಿಕೆಯ ಸಂಕೇತ ಇರುವುದರಿಂದ ಅಲ್ಲಿ ಕೂಡಬಾರದು.